ಸತ್ತ ಸೈಟಿನ ಜಾಗಕ್ಕೆ ಹೊಸ ಸೈಟು ಬಂದ ಮೇಲೆ

ಕಾಸರಗೋಡು ಪೇಟೆಯಲ್ಲಿ ಮುಖ್ಯ ಕಚೇರಿ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಕುಂಬಳೆಗಳಲ್ಲಿ ಶಾಖೆಗಳಿರುವ ಒಂದು ಸಹಕಾರಿ ಸಂಘ ಎಂದು ಇಟ್ಟುಕೊಳ್ಳೋಣ. ಠೇವಣಿ, ಬೆಳೆಸಾಲ, ಅಡಿಕೆ ಖರೀದಿ, ಎಲ್ಲದರ ಲೆಕ್ಕವೂ ಕಂಪ್ಯೂಟರಿನಲ್ಲಿ. ಸರ್ವರುಗಳು ಮುಖ್ಯ ಕಚೇರಿಯ ನೆಲಮಾಳಿಗೆಯಲ್ಲಿ, ಅವುಗಳ ಜೋಡಿ ಮಂಗಳೂರಿನ ಬಾಡಿಗೆ ಡೇಟಾ ಸೆಂಟರಿನಲ್ಲಿ. ಆಟಿ ತಿಂಗಳ ಒಂದು ಸಂಜೆ, ಕೌಂಟರುಗಳು ಇನ್ನೂ ತೆರೆದಿರುವಾಗಲೇ, ನೆಲಮಾಳಿಗೆಗೆ ಮಳೆನೀರು ನುಗ್ಗಿ ಸರ್ವರು, ಯುಪಿಎಸ್, ಬ್ಯಾಟರಿ ಎಲ್ಲ ಮುಳುಗಿದವು. ಅರ್ಧ ಗಂಟೆಯಲ್ಲಿ ಮಂಗಳೂರಿನ ಸರ್ವರುಗಳು ಕೆಲಸ ವಹಿಸಿಕೊಂಡವು. ಮರುದಿನ ಬೆಳಿಗ್ಗೆ ಶಾಖೆಗಳಲ್ಲಿ ಪಾಸ್‌ಬುಕ್ ಎಂದಿನಂತೆ ಪ್ರಿಂಟ್ ಆಗುತ್ತಿತ್ತು. ಕೌಂಟರಿನ ಎದುರು ನಿಂತವರಿಗೆ ಏನೂ ಗೊತ್ತಾಗಲಿಲ್ಲ.

"ಮಂಗಳೂರಿನಿಂದ ಎಲ್ಲ ನಡೀತಾ ಉಂಟಲ್ಲ ಭಟ್ರೇ, ಹೊಸ ಸರ್ವರ್ ಬಂದ ಮೇಲೆ ನಿಧಾನಕ್ಕೆ ನೋಡುವ" ಎಂದು ಸಂಘದ ಕಾರ್ಯದರ್ಶಿ, ಕಂಪ್ಯೂಟರ್ ನೋಡಿಕೊಳ್ಳುವ ಭಟ್ಟರಿಗೆ ಹೇಳುವುದು ಸಹಜವೇ. ಆದರೆ ಸಂಘದ ಲೆಕ್ಕಪತ್ರ ಅತ್ಯಂತ ಹೆಚ್ಚು ಅಪಾಯದಲ್ಲಿರುವುದು ಆ ಬೆಳಿಗ್ಗೆಯಿಂದಲೇ. ನಿನ್ನೆಯವರೆಗೆ ಪ್ರತಿಯೊಂದು ನಮೂದೂ ಎರಡು ಊರುಗಳಲ್ಲಿ ಇತ್ತು, ಇವತ್ತು ಒಂದೇ ಊರಿನಲ್ಲಿ ಇದೆ. ಮಂಗಳೂರಿನಲ್ಲಿ ಒಂದು ಡಿಸ್ಕ್ ಕಂಟ್ರೋಲರ್ ಕೆಟ್ಟರೂ ಹಿಂದೆ ಹಿಡಿದುಕೊಳ್ಳಲು ಯಾರೂ ಇಲ್ಲ. ಸೇವೆ ಮರಳಿದೆ, ರಕ್ಷಣೆ ಮರಳಿಲ್ಲ. ರಕ್ಷಣೆಯನ್ನು ಮರಳಿ ಕಟ್ಟುವ ಕೆಲಸ ಹೇಗೆ ನಡೆಯುತ್ತದೆ, ಅದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಇದರಲ್ಲಿ ಸಾಮಗ್ರಿಗಿಂತ ಸರದಿಯೇ ದೊಡ್ಡದು.

ಮೊದಲು ನಾಲ್ಕು ಪದಗಳು. ಒಂದೇ ಕೆಲಸವನ್ನು ಕೂಡಿ ಹೊರುವ ಸರ್ವರುಗಳ ಗುಂಪು ಕ್ಲಸ್ಟರ್. ಒಂದು ಕಡೆಯ ನಮೂದು ಇನ್ನೊಂದು ಕಡೆಗೂ ಹೋಗಿ ಕೂರುವುದು ರೆಪ್ಲಿಕೇಶನ್. ಮುಖ್ಯ ಸೈಟು, ಅಂದರೆ ಸರ್ವರುಗಳಿರುವ ಮುಖ್ಯ ತಾಣ, ಬಿದ್ದಾಗ ಮತ್ತೊಂದು ಸೈಟು ಯಜಮಾನಿಕೆ ತೆಗೆದುಕೊಳ್ಳುವುದು ಫೇಲ್‌ಓವರ್. ಈ ಇಡೀ ವ್ಯವಸ್ಥೆಗೆ ಡಿಸಾಸ್ಟರ್ ರಿಕವರಿ ಎಂದು ಹೆಸರು, ಐಟಿಯವರ ಬಾಯಲ್ಲಿ ಡಿಆರ್. ಅದನ್ನು ಅಳೆಯಲು ಎರಡು ಅಂಕಿಗಳು: ಎಷ್ಟು ಹೊತ್ತಿನೊಳಗೆ ಸೇವೆ ಮರಳಬೇಕು ಎಂಬುದು ಆರ್‌ಟಿಒ, ಎಷ್ಟು ಹೊತ್ತಿನ ಡೇಟಾ ಕಳೆದುಹೋದರೆ ಸಹಿಸಬಹುದು ಎಂಬುದು ಆರ್‌ಪಿಒ. ನಮ್ಮ ಸಂಘಕ್ಕೆ ಸೇವೆ ಮರಳಲು ಅರ್ಧ ಗಂಟೆ ಹಿಡಿಯಿತು. ಕಳೆದದ್ದು ಎಷ್ಟು? ಅದು ರೆಪ್ಲಿಕೇಶನ್ ಯಾವ ಬಗೆಯದ್ದು ಎಂಬುದರ ಮೇಲೆ ನಿಂತಿದೆ.

ಮಂಗಳೂರಿನಿಂದ "ಬರೆದಾಯಿತು" ಎಂಬ ಉತ್ತರ ಬರುವವರೆಗೆ ಕಾಸರಗೋಡು ಕಾಯುವುದಾದರೆ ಅದು ಸಿಂಕ್ರನಸ್, ಅದರಲ್ಲಿ ಏನೂ ಕಳೆಯುವುದಿಲ್ಲ. ಕಾಯದೆ ಮುಂದುವರಿದು, ಹಿಂದಿನಿಂದ ಕಳಿಸುತ್ತಾ ಹೋಗುವುದಾದರೆ ಅಸಿಂಕ್ರನಸ್, ಅದರಲ್ಲಿ ಕೊನೆಯ ಕೆಲವು ಸೆಕೆಂಡು ಯಾವಾಗಲೂ ದಾರಿಯಲ್ಲೇ ಇರುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಕಾಸರಗೋಡಿನಿಂದ ಮಂಗಳೂರಿಗೆ 50 ಕಿಲೋಮೀಟರ್, ಹೋಗಿ ಬರಲು ಅರ್ಧ ಮಿಲಿಸೆಕೆಂಡ್. ದೂರದ ದೃಷ್ಟಿಯಿಂದ ಸಿಂಕ್ರನಸ್ ಧಾರಾಳವಾಗಿ ಸಾಧ್ಯ. ಆದರೆ ಹೆದ್ದಾರಿ ಕೆಲಸದ ಜೆಸಿಬಿ ಎಲ್ಲೋ ಒಂದು ಕಡೆ ಕೇಬಲ್ ಕಡಿದರೆ, ಕಾಯುತ್ತಾ ನಿಂತ ಕಾಸರಗೋಡಿನ ಸರ್ವರ್ ಒಂದು ರಸೀದಿಯನ್ನೂ ಮುಗಿಸುವುದಿಲ್ಲ. ಹಾಗಾಗಿ ಹೆಚ್ಚಿನ ಕಡೆ ಅಸಿಂಕ್ರನಸ್ಸೇ ಇರುತ್ತದೆ. ನಮ್ಮ ಸಂಘದಲ್ಲೂ ಹಾಗೆಯೇ, ನೀರು ನುಗ್ಗಿದಾಗ ಮಂಗಳೂರು 40 ಸೆಕೆಂಡು ಹಿಂದೆ ಇತ್ತು ಎಂದುಕೊಳ್ಳಿ.

ಆ 40 ಸೆಕೆಂಡಿನ ಕಥೆ

ಈ 40 ಸೆಕೆಂಡಿನಲ್ಲಿ ಪೆರ್ಲದ ಶಾಖೆಯಲ್ಲಿ ಒಬ್ಬ ಕೃಷಿಕರು ಅಡಿಕೆ ಕೊಟ್ಟು ರಸೀದಿ ಪಡೆದಿದ್ದಾರೆ, ಸಂಖ್ಯೆ 4172. ಆ ನಮೂದು ಕಾಸರಗೋಡಿನ ಡಿಸ್ಕಿನಲ್ಲಿ ಇದೆ, ಮಂಗಳೂರಿಗೆ ಹೋಗಿಲ್ಲ. ಮಂಗಳೂರಿನ ಲೆಕ್ಕದಲ್ಲಿ ಕೊನೆಯ ರಸೀದಿ 4171. ಸೇವೆ ಮರಳಿದ ಕೂಡಲೇ ಕುಂಬಳೆಯಲ್ಲಿ ಮೊದಲ ರಸೀದಿ ಹೊರಟಿತು: ಅದರ ಸಂಖ್ಯೆಯೂ 4172. ಈಗ ಊರಿನಲ್ಲಿ ಒಂದೇ ಸಂಖ್ಯೆಯ ಎರಡು ಕಾಗದಗಳು, ಬೇರೆ ಬೇರೆ ಹೆಸರು, ಬೇರೆ ಬೇರೆ ಮೊತ್ತ, ಎರಡೂ ಸಾಚಾ.

ಕೆಲವು ದಿನಗಳ ನಂತರ ಹಳೆಯ ಡಿಸ್ಕ್ ಒಣಗಿಸಿ ನೋಡಿದರೆ ಅದು ಓದುತ್ತದೆ ಎಂದಿಟ್ಟುಕೊಳ್ಳಿ. ಆಗ ಬರುವ ಮೊದಲ ಆಸೆ, "ಹಳೆಯದನ್ನು ಹೊಸದರ ಜೊತೆ ಸೇರಿಸಿಬಿಡೋಣ" ಎಂಬುದು. ಸೇರಿಸಲು ಬರುವುದಿಲ್ಲ. ಆ ಸಂಜೆಯ ನಂತರ ಮಂಗಳೂರಿನಲ್ಲಿ ಸಾವಿರಾರು ನಮೂದುಗಳಾಗಿವೆ, ಬಾಕಿಗಳು ಬದಲಾಗಿವೆ, ಬಡ್ಡಿ ಏರಿದೆ. ಎರಡು ಇತಿಹಾಸಗಳು ಒಂದು ಬಿಂದುವಿನಲ್ಲಿ ಕವಲೊಡೆದಿವೆ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದನ್ನು ಟೈಮ್‌ಲೈನ್ ಎಂದು ಕರೆದು, ಫೇಲ್‌ಓವರ್ ಆದಾಗಲೆಲ್ಲ ಹೊಸ ಸಂಖ್ಯೆ ಕೊಡುತ್ತದೆ. ಹಾಗಾಗಿ ಹಳೆಯ ಸರ್ವರ್ ಎದ್ದು ಬಂದು ಸುಮ್ಮನೆ ಸಾಲಿನಲ್ಲಿ ಸೇರಿಕೊಳ್ಳಲು ಆಗುವುದಿಲ್ಲ.

ಇದು ದೊಡ್ಡವರನ್ನೂ ಕಾಡಿದ ಸಮಸ್ಯೆ. 2018ರ ಅಕ್ಟೋಬರ್ 21ರಂದು, ಪ್ರೋಗ್ರಾಮರುಗಳು ತಮ್ಮ ಕೋಡ್ ಇಡುವ ಜಾಲತಾಣವಾದ ಗಿಟ್‌ಹಬ್‌ನ ಅಮೆರಿಕದ ಪೂರ್ವ ಕರಾವಳಿಯ ನೆಟ್‌ವರ್ಕಿನಲ್ಲಿ ಸಂಪರ್ಕ ಕಡಿದದ್ದು ಬರೇ 43 ಸೆಕೆಂಡು. ಅಷ್ಟರಲ್ಲಿ ಯಂತ್ರವೇ ಪಶ್ಚಿಮ ಕರಾವಳಿಯ ಡೇಟಾಬೇಸಿಗೆ ಯಜಮಾನಿಕೆ ಕೊಟ್ಟಿತು. ಪೂರ್ವದಲ್ಲಿ ಪಶ್ಚಿಮಕ್ಕೆ ತಲುಪದ ಕೆಲವು ಸೆಕೆಂಡಿನ ಬರಹ ಉಳಿದಿತ್ತು, ಪಶ್ಚಿಮದಲ್ಲಿ ಪೂರ್ವಕ್ಕೆ ಗೊತ್ತಿಲ್ಲದ ಬರಹ ಬೆಳೆಯುತ್ತಾ ಹೋಯಿತು. ಹಿಂದಕ್ಕೆ ತಿರುಗಿಸುವಂತಿಲ್ಲ, ಮುಂದಕ್ಕೆ ಹಾಗೆಯೇ ಓಡುವಂತಿಲ್ಲ. ಎಲ್ಲ ಸರಿಹೋಗಲು 24 ಗಂಟೆ 11 ನಿಮಿಷ ಬೇಕಾಯಿತು. ಅವರು ಅಷ್ಟು ಹೊತ್ತು ತೆಗೆದುಕೊಂಡದ್ದು ಡೇಟಾ ಉಳಿಸುವುದಕ್ಕಾಗಿ. ವೇಗಕ್ಕಿಂತ ಸರಿಯಾದ ಲೆಕ್ಕವನ್ನು ಮೇಲೆ ಇಟ್ಟದ್ದು ತಪ್ಪಲ್ಲ ಎಂದೇ ನನ್ನ ಅಭಿಪ್ರಾಯ.

ಆದ್ದರಿಂದ ಮೊದಲ ತೀರ್ಮಾನ ಇದು: ಬದುಕಿ ಉಳಿದ ಸೈಟಿನ ಲೆಕ್ಕವೇ ಲೆಕ್ಕ. ಹಳೆಯ ಡಿಸ್ಕ್ ಒಂದು ದಾಖಲೆ ಮಾತ್ರ, ಅದನ್ನು ಬೇರೆ ಯಂತ್ರಕ್ಕೆ ಜೋಡಿಸಿ ಓದಬಹುದು, ಕ್ಲಸ್ಟರಿಗೆ ಜೋಡಿಸುವಂತಿಲ್ಲ. ಆ 40 ಸೆಕೆಂಡಿನ ನಮೂದುಗಳನ್ನು ಪಟ್ಟಿ ಮಾಡಿ, ಜನರ ಕೈಯಲ್ಲಿರುವ ಕಾಗದದ ರಸೀದಿಯೊಂದಿಗೆ ತಾಳೆ ನೋಡಿ, ಹೊಸ ನಮೂದಾಗಿ ಕೈಯಾರೆ ಏರಿಸಬೇಕು. ಎರಡು 4172ರ ತೊಡಕು ಬಾರದ ಹಾಗೆ ಮಾಡಲು ಒಂದು ಸುಲಭದ ದಾರಿ ಇದೆ. ಫೇಲ್‌ಓವರ್ ಆದ ಕೂಡಲೇ, ಕೌಂಟರ್ ತೆರೆಯುವ ಮೊದಲು, ರಸೀದಿ ಸಂಖ್ಯೆಯನ್ನು ಒಂದು ಸಾವಿರ ಮುಂದಕ್ಕೆ ಹಾರಿಸಿ 5172ರಿಂದ ಶುರು ಮಾಡುವುದು. ನಡುವಿನ ಖಾಲಿ ಸಂಖ್ಯೆಗಳಿಗೆ ಕಾರಣ ಬರೆದಿಟ್ಟರೆ ಆಡಿಟರ್ ಒಪ್ಪುತ್ತಾರೆ. ಒಂದೇ ಸಂಖ್ಯೆಯ ಎರಡು ರಸೀದಿಯನ್ನು ಯಾವ ಆಡಿಟರೂ ಒಪ್ಪುವುದಿಲ್ಲ.

ಸತ್ತದ್ದನ್ನು ಮೊದಲು ಪಟ್ಟಿಯಿಂದ ತೆಗೆಯಬೇಕು

ಹೊಸ ಸರ್ವರ್ ಪೆಟ್ಟಿಗೆಯಿಂದ ಹೊರಬರುವ ಮೊದಲೇ ಮಾಡಬೇಕಾದ ಕೆಲಸಗಳು ಮಂಗಳೂರಿನಲ್ಲಿ ಇವೆ. ಬದುಕಿರುವ ಕ್ಲಸ್ಟರಿನ ನೆನಪಿನಲ್ಲಿ ಕಾಸರಗೋಡು ಇನ್ನೂ ಜೀವಂತ ಸದಸ್ಯ. ಅದಕ್ಕಾಗಿ ಅದು ಏನೇನೋ ತೆಗೆದಿಟ್ಟು ಕಾಯುತ್ತಿರುತ್ತದೆ.

ಪೋಸ್ಟ್‌ಗ್ರೆಸ್‌ನಲ್ಲಿ ರೆಪ್ಲಿಕೇಶನ್ ಸ್ಲಾಟ್ ಎಂಬುದೊಂದು ಇದೆ. ಎದುರಿನವನು ಎಲ್ಲಿಯವರೆಗೆ ಓದಿದ್ದಾನೆ ಎಂದು ಗುರುತು ಹಾಕಿಟ್ಟು, ಅವನು ಓದದ ಲಾಗನ್ನು, ಅಂದರೆ ಬದಲಾವಣೆಗಳ ದಿನಚರಿಯನ್ನು, ಅಳಿಸದೆ ಇಡುವುದು ಅದರ ಕೆಲಸ. ಎದುರಿನ ಸೈಟು ಸತ್ತಿದ್ದರೆ ಆ ಲಾಗ್ ದಿನದಿಂದ ದಿನಕ್ಕೆ ಬೆಳೆದು, ಕಡೆಗೆ ಬದುಕಿರುವ ಸರ್ವರಿನ ಡಿಸ್ಕ್ ತುಂಬಿ ಅದನ್ನೂ ನಿಲ್ಲಿಸುತ್ತದೆ. ನೀರಿನಲ್ಲಿ ಸತ್ತ ಸೈಟು ಹತ್ತು ದಿನದ ನಂತರ ಬದುಕಿರುವ ಸೈಟನ್ನು ಕೊಲ್ಲುವುದು ಹೀಗೆ. 2020ರಲ್ಲಿ ಬಂದ ಪೋಸ್ಟ್‌ಗ್ರೆಸ್ 13ರಿಂದ ಇದಕ್ಕೆ ಮಿತಿ ಹಾಕುವ ಸೌಲಭ್ಯ ಇದೆ, ಆದರೆ ಮಿತಿಯನ್ನು ಯಾರಾದರೂ ಹಾಕಿದ್ದರೆ ಮಾತ್ರ. ಸಿಂಕ್ರನಸ್ ಆಗಿದ್ದವರಿಗೆ ಇನ್ನೊಂದು ತೊಡಕು: ಸತ್ತವನ ಹೆಸರು ಪಟ್ಟಿಯಲ್ಲಿ ಉಳಿದಿದ್ದರೆ, ಅವನ ಉತ್ತರಕ್ಕಾಗಿ ಪ್ರತಿಯೊಂದು ನಮೂದೂ ಕಾಯುತ್ತಾ ಕೂರುತ್ತದೆ.

ಯಜಮಾನ ಯಾರೆಂದು ನಿರ್ಧರಿಸುವ ಮತದ ಲೆಕ್ಕವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಅನುಭವಿಗಳೂ ಎಡವುವುದು ಇಲ್ಲಿ. ಎರಡು ಸೈಟುಗಳ ನಡುವಿನ ತಂತಿ ಕಡಿದಾಗ ಎರಡೂ "ನಾನೇ ಯಜಮಾನ" ಎಂದುಕೊಂಡರೆ ಮೇಲೆ ಹೇಳಿದ ಕವಲು ಹುಟ್ಟುತ್ತದೆ, ಇದಕ್ಕೆ ಸ್ಪ್ಲಿಟ್ ಬ್ರೈನ್ ಎನ್ನುತ್ತಾರೆ. ಅದನ್ನು ತಪ್ಪಿಸಲು ಮೂರನೆಯ ಊರಿನಲ್ಲಿ ಒಬ್ಬ ಸಾಕ್ಷಿಯನ್ನು ಇಡುತ್ತಾರೆ. ನಮ್ಮ ಸಂಘದ ಸಾಕ್ಷಿ ಬೆಂಗಳೂರಿನಲ್ಲಿ ಇರಲಿ. ಮೂರು ಮತ, ಬಹುಮತಕ್ಕೆ ಎರಡು ಬೇಕು. ಕಾಸರಗೋಡು ಬಿದ್ದಾಗ ಮಂಗಳೂರು ಮತ್ತು ಬೆಂಗಳೂರು ಸೇರಿ ಎರಡು ಆದ್ದರಿಂದಲೇ ಯಜಮಾನಿಕೆ ಬದಲಾದದ್ದು.

ಈಗ ಹೊಸ ಕಾಸರಗೋಡು ಸರ್ವರ್ ಬಂತು. ಹಳೆಯದನ್ನು ತೆಗೆಯದೆ ಇದನ್ನು ಸೇರಿಸಿದರೆ ಪಟ್ಟಿಯಲ್ಲಿ ಸದಸ್ಯರು ನಾಲ್ಕು. ನಾಲ್ಕರ ಬಹುಮತ ಮೂರು. ಉಸಿರಾಡುತ್ತಿರುವವರು ಮಂಗಳೂರು, ಬೆಂಗಳೂರು ಇಬ್ಬರೇ, ಹೊಸಬ ಇನ್ನೂ ಎದ್ದಿಲ್ಲ. ಹೊಸಬನ ವಿಳಾಸದಲ್ಲಿ ಒಂದು ಅಂಕಿ ತಪ್ಪಿದ್ದರೆ ಅವನು ಏಳುವುದೇ ಇಲ್ಲ. ಬಹುಮತ ಇಲ್ಲದೆ ಇಡೀ ಕ್ಲಸ್ಟರ್ ನಿಲ್ಲುತ್ತದೆ. ತಪ್ಪಾಗಿ ಸೇರಿಸಿದ ಸದಸ್ಯನನ್ನು ತೆಗೆಯೋಣ ಎಂದರೆ ತೆಗೆಯುವುದಕ್ಕೂ ಬಹುಮತ ಬೇಕು! ಅದೇ, ಸತ್ತವನನ್ನು ಮೊದಲು ತೆಗೆದರೆ ಸದಸ್ಯರು ಇಬ್ಬರು, ಬಹುಮತ ಎರಡು, ಇಬ್ಬರೂ ಇದ್ದಾರೆ. ಆಮೇಲೆ ಹೊಸಬನನ್ನು ಸೇರಿಸಿದರೆ ಮೂವರು, ಬಹುಮತ ಎರಡೇ. ಹೊಸಬ ಏಳದಿದ್ದರೂ ಕೆಲಸ ನಿಲ್ಲುವುದಿಲ್ಲ. ಅನೇಕ ಸರ್ವರುಗಳನ್ನು ಕೂಡಿ ನಡೆಸುವ ಕುಬರ್ನೆಟೀಸ್‌ನಂಥ ವ್ಯವಸ್ಥೆಗಳ ಒಳಗಿರುವ, ಇಂಥದ್ದೇ ಮತದ ಲೆಕ್ಕದಲ್ಲಿ ನಡೆಯುವ ಎಟ್‌ಸಿಡಿ ಡೇಟಾಬೇಸ್ ಬಳಸುವ ಎಲ್ಲರೂ ಮೊದಲು ಕಲಿಯಬೇಕಾದ ಸರದಿ ಇದು. ಎರಡು ಕೆಲಸಗಳನ್ನು ಹಿಂದುಮುಂದು ಮಾಡಿದರೆ ಬದುಕಿರುವುದೂ ಹೋಗುತ್ತದೆ.

ಇದರ ಜೊತೆಗೆ ಬೇಲಿ ಹಾಕುವ ಕೆಲಸವೂ ಇದೆ. ನೆಲಮಾಳಿಗೆಯ ನೀರು ಇಳಿದು ಕರೆಂಟು ಬಂದಾಗ, ಮೇಲಿನ ತಟ್ಟಿನಲ್ಲಿದ್ದ ಒಂದು ಹಳೆಯ ಸರ್ವರ್ ತಾನಾಗಿ ಎದ್ದುಬಿಡಬಹುದು. ತಾನು ಮಲಗಿದ್ದು ಅದಕ್ಕೆ ಗೊತ್ತಿಲ್ಲ, ತಾನೇ ಯಜಮಾನ ಎಂದೇ ಅದರ ನಂಬಿಕೆ. ಯಾವುದೋ ಶಾಖೆಯ ಒಂದು ಕಂಪ್ಯೂಟರಿನಲ್ಲಿ ಸರ್ವರಿನ ಹಳೆಯ ಐಪಿ ವಿಳಾಸವನ್ನು ಕೈಯಲ್ಲಿ ಬರೆದಿಟ್ಟಿದ್ದರೆ, ಆ ಕೌಂಟರಿನ ವ್ಯವಹಾರವೆಲ್ಲ ಅಲ್ಲಿಗೆ ಹೋಗಿ ಬೀಳುತ್ತದೆ. ಹೊಸಬರಿಗೆ ನಾನು ಹೇಳುವುದು ಇಷ್ಟೇ: ಸ್ವಿಚ್ಚು ಆಫ್ ಮಾಡಿದರೆ ಸಾಲದು, ನೆಟ್‌ವರ್ಕ್ ಕೇಬಲನ್ನು ಕಿತ್ತು ಪಕ್ಕಕ್ಕೆ ಇಡಿ.

ಹೊಸದು ಹಳೆಯದರ ಹಾಗೆಯೇ ಇರಬೇಕಾಗುವುದು ಎಲ್ಲಿ

ಹೊಸ ಸರ್ವರಿಗೆ ಹಳೆಯ ಹೆಸರನ್ನೇ ಇಡಬೇಕೇ? ಹಳೆಯ ಹೆಸರು ಇಟ್ಟರೆ ಶಾಖೆಗಳ ಸೆಟ್ಟಿಂಗ್ ಬದಲಿಸುವ ರಗಳೆ ಇಲ್ಲ. ಆದರೆ ಯಂತ್ರದ ಗುರುತು ಸಾರುವ ಹಳೆಯ ಡಿಜಿಟಲ್ ಪ್ರಮಾಣಪತ್ರ, ಹಳೆಯ ಸ್ಲಾಟು, ಹಳೆಯ ಮಾನಿಟರಿಂಗ್ ದಾಖಲೆ ಎಲ್ಲ ಅದೇ ಹೆಸರಿನಲ್ಲಿದ್ದು ಯಾವುದು ಯಾವುದೆಂದು ತಿಳಿಯುವುದಿಲ್ಲ. ಶಾಖೆಗಳು ಬಳಸುವ ಸೇವೆಯ ಹೆಸರು ಹಳೆಯದೇ ಇರಲಿ, ಯಂತ್ರದ ಹೆಸರು ಹೊಸದಾಗಿರಲಿ ಎಂಬುದು ನನ್ನ ಪಕ್ಷ. ಎರಡು ಸೈಟುಗಳ ನಡುವಿನ ಹಳೆಯ ಪಾಲುದಾರಿಕೆಯ ಸಂರಚನೆಯನ್ನು ಅಳಿಸಿ, ಪ್ರಮಾಣಪತ್ರಗಳನ್ನು ಹೊಸದಾಗಿ ಅದಲುಬದಲು ಮಾಡಿ, ಯಾವ ಯಾವ ಡೇಟಾ ಗುಂಪು ರಕ್ಷಣೆಗೆ ಒಳಪಡಬೇಕು ಎಂಬ ಪಟ್ಟಿಯನ್ನು ಮಂಗಳೂರಿನಿಂದ ಇಳಿಸಿಕೊಳ್ಳಬೇಕು. ನೆನಪಿನಿಂದ ಬರೆದ ಪಟ್ಟಿಯಲ್ಲಿ ಏನಾದರೊಂದು ಬಿಟ್ಟುಹೋಗುವುದು ಖಂಡಿತ.

ಆವೃತ್ತಿಯ ವಿಷಯದಲ್ಲಿ ಒಂದು ಬಲೆ ಇದೆ. ಹೊಸ ಯಂತ್ರ ಬಂದಿದೆಯಲ್ಲ, ಹೊಸ ಲಿನಕ್ಸೇ ಹಾಕೋಣ ಎನಿಸುತ್ತದೆ. ಪೋಸ್ಟ್‌ಗ್ರೆಸ್ ತನ್ನ ಸೂಚಿಗಳಲ್ಲಿ (ಇಂಡೆಕ್ಸ್) ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸುವಾಗ ಅನೇಕ ಕಡೆ ಆಪರೇಟಿಂಗ್ ಸಿಸ್ಟಮಿನ ನಿಯಮವನ್ನೇ ನಂಬುತ್ತದೆ. 2018ರಲ್ಲಿ ಬಂದ, ಲಿನಕ್ಸಿನ ಮೂಲ ಲೈಬ್ರರಿಯಾದ ಗ್ಲಿಬ್‌ಸಿಯ 2.28ನೇ ಆವೃತ್ತಿಯಲ್ಲಿ ಆ ನಿಯಮವೇ ಬದಲಾಯಿತು. ಹಳೆಯ ಸಿಸ್ಟಮಿನಲ್ಲಿ ಕಟ್ಟಿದ ಸೂಚಿ ಹೊಸ ಸಿಸ್ಟಮಿಗೆ ಹಾಗೆಯೇ ನಕಲಾಗಿ ಹೋದರೆ, ಸದಸ್ಯರ ಹೆಸರು ಟೇಬಲಿನಲ್ಲಿ ಇದ್ದರೂ ಹುಡುಕಿದಾಗ ಸಿಗದೆ ಹೋಗಬಹುದು. ಎಲ್ಲಿಯೂ ಕೆಂಪು ದೀಪ ಉರಿಯುವುದಿಲ್ಲ. ರಕ್ಷಣೆ ಮರಳಿ ನಿಲ್ಲುವವರೆಗೆ ಎರಡೂ ಕಡೆ ಒಂದೇ ಆವೃತ್ತಿ ಇರಲಿ, ಮೇಲ್ದರ್ಜೆಗೆ ಏರಿಸುವುದು ಬೇರೆಯೇ ಕೆಲಸ.

ಗಡಿಯಾರ ಹೊಂದಿರಬೇಕು, ಫೈರ್‌ವಾಲಿನ ಬಾಗಿಲುಗಳು ತೆರೆದಿರಬೇಕು, ಲೈಸೆನ್ಸ್ ಹಳೆಯ ಯಂತ್ರಕ್ಕೆ ಕಟ್ಟಿಹಾಕಿದ್ದರೆ ಹೊಸದು ತರಿಸಬೇಕು. ಬ್ಯಾಕಪ್ಪಿಗೆ ಹಾಕಿದ ಗೂಢಲಿಪಿಯ ಕೀಲಿ ಎಲ್ಲಿದೆ ಎಂದೂ ನೋಡಬೇಕು. ಕೀಲಿ ನೆಲಮಾಳಿಗೆಯ ಸರ್ವರಿನಲ್ಲೇ ಇದ್ದರೆ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ನಾಲ್ಕು ಟೆರಾಬೈಟ್ ಸಾಗಿಸುವುದು

ಈಗ ಡೇಟಾ. ಸಂಘದ ಒಟ್ಟು ಡೇಟಾ, ಸ್ಕ್ಯಾನ್ ಮಾಡಿದ ದಾಖಲೆಗಳೂ ಸೇರಿ, 4 ಟೆರಾಬೈಟ್ ಇರಲಿ. ಮಂಗಳೂರು–ಕಾಸರಗೋಡು ಲೀಸ್ಡ್ ಲೈನ್ ಸೆಕೆಂಡಿಗೆ 100 ಮೆಗಾಬಿಟ್. ಎಂಟು ಬಿಟ್ಟಿಗೆ ಒಂದು ಬೈಟ್ ಆದ್ದರಿಂದ ಸೆಕೆಂಡಿಗೆ 12.5 ಮೆಗಾಬೈಟ್. 4 ಟೆರಾಬೈಟಿಗೆ 3,20,000 ಸೆಕೆಂಡು, ಅಂದರೆ ಸುಮಾರು 89 ಗಂಟೆ. ಲೈನು ಪೂರ್ತಿ ನಮಗೇ ಸಿಕ್ಕರೆ ಈ ಲೆಕ್ಕ. ಹಗಲು ಶಾಖೆಗಳ ವ್ಯವಹಾರವೂ ಅದೇ ಲೈನಿನಲ್ಲಿ ಹೋಗುವುದಾದರೆ ನಕಲಿನ ವೇಗಕ್ಕೆ ಕಡಿವಾಣ ಹಾಕಿ, ರಾತ್ರಿ ಬಿಡಬೇಕು. ಆಗ ವಾರವೇ ಬೇಕು. ಆ ವಾರವಿಡೀ ಸಂಘ ಒಂದೇ ಪ್ರತಿಯ ಮೇಲೆ ನಿಂತಿರುತ್ತದೆ.

ಕಾರಿನಲ್ಲಿ ತರುವುದು ಬೇಗ. ಮಂಗಳೂರಿನಲ್ಲಿ ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ ಡಿಸ್ಕಿಗೆ ನಕಲು ಮಾಡಿದರೆ ಏಳೂವರೆ ಗಂಟೆ, ತಲಪಾಡಿ, ಮಂಜೇಶ್ವರ, ಕುಂಬಳೆ ದಾಟಿ ಬರಲು ಒಂದೂವರೆ ಎರಡು ಗಂಟೆ, ಇಲ್ಲಿ ಇಳಿಸಲು ಮತ್ತೆ ಏಳೂವರೆ ಗಂಟೆ. ಒಂದು ದಿನದೊಳಗೆ ಬುಡದ ಪ್ರತಿ ನಿಂತಿತು. ಅಷ್ಟರಲ್ಲಿ ಮಂಗಳೂರಿನಲ್ಲಿ 20 ಗಿಗಾಬೈಟ್ ಹೊಸ ಬರಹ ಆಗಿದ್ದರೆ ಅದನ್ನು ಲೈನಿನಲ್ಲಿ ತರಿಸಲು ಅರ್ಧ ಗಂಟೆ ಸಾಕು. ಒಂದೇ ಷರತ್ತು: ನಕಲು ಶುರುವಾಗುವ ಮೊದಲೇ ಮಂಗಳೂರಿನಲ್ಲಿ ಹೊಸ ಸೈಟಿನ ಹೆಸರಿನಲ್ಲಿ ಸ್ಲಾಟ್ ತೆರೆದಿರಬೇಕು. ಇಲ್ಲದಿದ್ದರೆ ಡಿಸ್ಕ್ ದಾರಿಯಲ್ಲಿರುವಾಗ ನಡುವಿನ ಲಾಗ್ ಅಳಿಸಿಹೋಗಿ, ತಂದ ನಕಲಿಗೂ ಈಗಿನ ಸ್ಥಿತಿಗೂ ನಡುವೆ ಕೊಂಡಿಯೇ ಇರುವುದಿಲ್ಲ, ಮತ್ತೆ ಮೊದಲಿನಿಂದ. ಡಿಸ್ಕಿನ ಡೇಟಾ ಗೂಢಲಿಪಿಯಲ್ಲೇ ಇರಬೇಕೆಂದು ಬೇರೆ ಹೇಳಬೇಕಿಲ್ಲ.

ಗಡಿನಾಡಿನವರಿಗೆ ಇಲ್ಲಿ ಇನ್ನೊಂದು ಯೋಚನೆಯೂ ಬೇಕು. ಎರಡು ರಾಜ್ಯಗಳಲ್ಲಿ ಎರಡು ಸೈಟು ಇರುವುದು ನಮಗೆ ಸಿಕ್ಕ ಅನುಕೂಲ. ಇಲ್ಲಿ ವಿದ್ಯುತ್ತು ಕೆಎಸ್‌ಇಬಿಯದ್ದು, ಅಲ್ಲಿ ಮೆಸ್ಕಾಮಿನದ್ದು. ಆದರೆ ಮಳೆಗಾಲ ಎರಡೂ ಕಡೆ ಒಂದೇ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಇಡೀ ಕರಾವಳಿ ಏಕಕಾಲಕ್ಕೆ ನಲುಗಿತು. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣಕ್ಕೆ ತಲಪಾಡಿಯ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ಹೋಗಬೇಕಾದ ರೋಗಿಗಳೇ ದಾಟಲಾಗದೆ ಸಂಕಟಪಟ್ಟರು. ಅಂಥ ದಿನ ಡಿಸ್ಕ್ ಹಿಡಿದ ಕಾರು ಹೇಗೆ ಬಂದೀತು? ಹಾಗಾಗಿ ಕಾರಿನ ಯೋಜನೆಯ ಪಕ್ಕದಲ್ಲಿ ಲೈನಿನ ಯೋಜನೆಯನ್ನೂ ಬರೆದಿಡಬೇಕು, ಕರಾವಳಿಯಿಂದ ಆಚೆ ಘಟ್ಟದ ಮೇಲೆ ಒಂದು ಬ್ಯಾಕಪ್ ಪ್ರತಿ ಇರಬೇಕು.

ಆ ಬ್ಯಾಕಪ್ಪನ್ನು ನಕಲು ಶುರುಮಾಡುವ ಮೊದಲೇ ತೆಗೆಯಿರಿ ಎಂದು ನಾನು ಒತ್ತಿ ಹೇಳುತ್ತೇನೆ. ಪೂರ್ತಿ ನಕಲೆಂದರೆ ಬದುಕಿರುವ ಏಕೈಕ ಡಿಸ್ಕುಗಳ ಮೂಲೆಮೂಲೆಯನ್ನೂ ಒಂದೇ ಸಮನೆ ಓದಿಸುವುದು. ವರ್ಷಗಟ್ಟಲೆ ಯಾರೂ ಮುಟ್ಟದ ಜಾಗದಲ್ಲಿ ಅಡಗಿದ್ದ ದೋಷ ಹೊರಬೀಳುವುದು ಆಗಲೇ. ಬ್ಯಾಕಪ್ಪು ಬೇರೆ ಊರಿನಲ್ಲಿರಬೇಕು ಎಂಬುದಕ್ಕೆ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ 2021ರ ಮಾರ್ಚ್ 10ರಂದು ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟದ್ದೇ ಸಾಕ್ಷಿ. ಒಂದು ಕಟ್ಟಡ ಪೂರ್ತಿ ಭಸ್ಮವಾಯಿತು, ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟಿದ್ದ ಗ್ರಾಹಕರಿಗೆ ಏನೂ ಉಳಿಯಲಿಲ್ಲ.

ಯಾವ ಕಡೆಯಿಂದ ಯಾವ ಕಡೆಗೆ

ಇಡೀ ಕೆಲಸದಲ್ಲಿ ಕೈ ನಡುಗಬೇಕಾದ ಒಂದು ಘಳಿಗೆ ಇದ್ದರೆ ಅದು ಇದು. ಹಿಂದೆ ಡೇಟಾ ಕಾಸರಗೋಡಿನಿಂದ ಮಂಗಳೂರಿಗೆ ಹರಿಯುತ್ತಿತ್ತು. ಈಗ ಮಂಗಳೂರಿನಿಂದ ಕಾಸರಗೋಡಿಗೆ ಹರಿಯಬೇಕು. ಹಳೆಯ ಸ್ಕ್ರಿಪ್ಟುಗಳು, ಹಳೆಯ ಟಿಪ್ಪಣಿಗಳು, ಬೆರಳಿನ ಅಭ್ಯಾಸ ಎಲ್ಲ ಹಳೆಯ ದಿಕ್ಕಿನವು. ಹಳೆಯ ದಿಕ್ಕಿನಲ್ಲೇ ಸಿಂಕ್ ಶುರುಮಾಡಿದರೆ ಖಾಲಿ ಕಾಸರಗೋಡು ತುಂಬಿದ ಮಂಗಳೂರಿನ ಮೇಲೆ ನಕಲಾಗುತ್ತದೆ. ಯಂತ್ರ ಹೇಳಿದ್ದನ್ನು ನಿಷ್ಠೆಯಿಂದ ಮಾಡುತ್ತದೆ, ಕೊನೆಯ ಪ್ರತಿ ಅಳಿಸಿಹೋಗುತ್ತದೆ.

2017ರ ಜನವರಿ 31ರಂದು, ಗಿಟ್‌ಹಬ್‌ನಂಥದ್ದೇ ಇನ್ನೊಂದು ಜಾಲತಾಣವಾದ ಗಿಟ್‌ಲ್ಯಾಬ್‌ನಲ್ಲಿ ಆದದ್ದು ಇದರ ಹತ್ತಿರದ್ದೇ. ಹಿಂದೆ ಬಿದ್ದಿದ್ದ ಎರಡನೆಯ ಡೇಟಾಬೇಸಿಗೆ ಮತ್ತೆ ರೆಪ್ಲಿಕೇಶನ್ ಕೂರಿಸುವ ಯತ್ನದಲ್ಲಿ, ಅದರ ಡೇಟಾ ಫೋಲ್ಡರನ್ನು ಖಾಲಿ ಮಾಡಲು ಹೊರಟ ಎಂಜಿನಿಯರ್ ಅಳಿಸಿದ್ದು ಮುಖ್ಯ ಡೇಟಾಬೇಸಿನದ್ದನ್ನು. ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟ್ ಹೋಗಿತ್ತು. ದಿನವೂ ಆಗುತ್ತಿದೆ ಎಂದುಕೊಂಡಿದ್ದ ಬ್ಯಾಕಪ್ಪು ಆವೃತ್ತಿ ಹೊಂದದೆ ವಿಫಲವಾಗುತ್ತಿತ್ತು, ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಆರು ಗಂಟೆ ಹಿಂದೆ ಬೇರೆ ಕಾರಣಕ್ಕೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ಡೇಟಾದ ಪ್ರತಿ, ಅವರನ್ನು ಉಳಿಸಿತು, ಆ ಆರು ಗಂಟೆಯ ಡೇಟಾ ಮರಳಲಿಲ್ಲ. ಆ ಎಂಜಿನಿಯರನ್ನು ದೂರುವುದು ಸುಲಭ. ರಾತ್ರಿ ಹೊತ್ತು, ಗಂಟೆಗಟ್ಟಲೆ ಕೆಲಸ ಮಾಡಿ ದಣಿದವರ ಎದುರು ಒಂದೇ ಥರ ಕಾಣುವ ಎರಡು ಕಪ್ಪು ಪರದೆಗಳಿದ್ದರೆ ಯಾರಿಗೂ ಹೀಗಾಗಬಹುದು. ಕಂಪನಿಯೇ ಎಲ್ಲವನ್ನೂ ಬಿಚ್ಚಿ ಬರೆದು ಪ್ರಕಟಿಸಿದ್ದರಿಂದ ಉಳಿದವರಿಗೆ ಉಪಕಾರವಾಯಿತು.

ಹಾಗಾಗಿ ಮಂಗಳೂರಿನ ಟರ್ಮಿನಲ್ ಪರದೆಗೆ ಕೆಂಪು ಬಣ್ಣ ಹಾಕಿ. ಅಳಿಸುವ ಅಥವಾ ದಿಕ್ಕು ನಿರ್ಧರಿಸುವ ಪ್ರತಿ ಕಮಾಂಡನ್ನೂ ಎಂಟರ್ ಒತ್ತುವ ಮೊದಲು ಒಬ್ಬರು ಗಟ್ಟಿಯಾಗಿ ಓದಲಿ, "ಮೂಲ ಮಂಗಳೂರು, ಗುರಿ ಕಾಸರಗೋಡು" ಎಂದು. ಇನ್ನೊಬ್ಬರು ಹೌದೆನ್ನಲಿ. ಅಳಿಸುವ ಬದಲು ಫೋಲ್ಡರಿನ ಹೆಸರು ಬದಲಿಸಿಡಿ, ಜಾಗ ಸಾಲದಿದ್ದರೆ ಇನ್ನೊಂದು ಡಿಸ್ಕ್ ತನ್ನಿ. ರಾತ್ರಿ ಹನ್ನೊಂದರ ಮೇಲೆ ಈ ಕೆಲಸ ಬೇಡ.

ಹಸಿರು ದೀಪವನ್ನು ನಂಬುವ ಮೊದಲು

ನಕಲು ಮುಗಿದು ಪರದೆಯಲ್ಲಿ "ಸಿಂಕ್ ಆಗಿದೆ" ಎಂದು ಬಂದರೆ ಅರ್ಧ ಕೆಲಸ ಆಯಿತು. ಲಾಗ್ ಬಂದು ತಲುಪುವುದು ಒಂದು, ಅದು ಡೇಟಾಬೇಸಿನೊಳಗೆ ಇಳಿದು ಕೂರುವುದು ಇನ್ನೊಂದು. ಎರಡರ ನಡುವೆ ಗಂಟೆಗಳ ಅಂತರ ಇರಬಹುದು. ಮಂಗಳೂರಿನಲ್ಲಿ ನಿಮಿಷಕ್ಕೊಮ್ಮೆ ಹೊತ್ತನ್ನು ಬರೆಯುವ ಒಂದು ಸಣ್ಣ ಟೇಬಲ್ ಇಟ್ಟು, ಕಾಸರಗೋಡಿನಲ್ಲಿ ಅದನ್ನು ಓದಿ ನೋಡಿದರೆ ಅಂತರ ಕಣ್ಣಿಗೆ ಕಾಣುತ್ತದೆ.

ಆಮೇಲೆ ಲೆಕ್ಕ ತಾಳೆ ಹಾಕಬೇಕು. ಮುಳ್ಳೇರಿಯ ಶಾಖೆಯ ನಿನ್ನೆಯ ದಿನಾಂತ್ಯದ ಜಮಾ–ಖರ್ಚು ಎರಡೂ ಕಡೆ ಪೈಸೆಗೆ ಪೈಸೆ ಒಂದೇ ಬರುತ್ತದೆಯೇ? ಸ್ಕ್ಯಾನ್ ಮಾಡಿದ ಒಂದು ಅಡಮಾನ ಪತ್ರ ತೆರೆಯುತ್ತದೆಯೇ? ರಾತ್ರಿ ಬಡ್ಡಿ ಹಾಕುವ ಕೆಲಸದ ಸಮಯಸೂಚಿ ಹೊಸ ಯಂತ್ರದಲ್ಲಿ ಇದೆಯೇ, ಇದ್ದರೂ ಈಗಲೇ ಓಡದ ಹಾಗೆ ತಡೆದಿದೆಯೇ? ಎರಡೂ ಕಡೆ ಓಡಿದರೆ ಎಸ್‌ಎಂಎಸ್ ಎರಡೆರಡು ಬಾರಿ ಹೋಗುತ್ತದೆ. ನಮ್ಮ ಕಡೆಯ ಒಂದು ವಿಶೇಷವನ್ನೂ ಮರೆಯಬಾರದು. ಇಲ್ಲಿಯ ರಸೀದಿಯಲ್ಲಿ ಮಲಯಾಳವೂ ಇರುತ್ತದೆ, ಕನ್ನಡವೂ ಇರುತ್ತದೆ. ಹೊಸ ಸರ್ವರಿನಲ್ಲಿ ಕನ್ನಡ ಫಾಂಟ್ ಹಾಕಿರದಿದ್ದರೆ ಡೇಟಾ ಸರಿಯಿದ್ದರೂ ಪ್ರಿಂಟಿನಲ್ಲಿ ಸಾಲು ಸಾಲು ಚೌಕ ಬರುತ್ತದೆ. ಒಂದು ರಸೀದಿ ಪ್ರಿಂಟ್ ತೆಗೆದು ಕೈಯಲ್ಲಿ ಹಿಡಿದು ಓದುವವರೆಗೆ ಪರೀಕ್ಷೆ ಮುಗಿಯಲಿಲ್ಲ.

ಇಷ್ಟಾದ ಮೇಲೆ, ಮಂಗಳೂರು ಈಗ ಬಿದ್ದರೆ ಕಾಸರಗೋಡು ಏಳುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಅಣಕು ಪ್ರಯೋಗದಿಂದ ಮಾತ್ರ ಸಿಗುತ್ತದೆ. ನಮ್ಮ ದೇಶದ ಶೇರುಪೇಟೆಗಳೂ ಇದನ್ನು ಎಲ್ಲರ ಕಣ್ಣೆದುರು ಮಾಡಿ ತೋರಿಸಿವೆ. 2024ರ ಮಾರ್ಚ್ 2, ಶನಿವಾರ, ಎನ್‌ಎಸ್‌ಇ ಮತ್ತು ಬಿಎಸ್‌ಇ ವಿಶೇಷ ವಹಿವಾಟು ನಡೆಸಿ, ಮೊದಲ ಅವಧಿಯನ್ನು ಮುಖ್ಯ ಸೈಟಿನಿಂದಲೂ ಎರಡನೆಯದನ್ನು ಡಿಆರ್ ಸೈಟಿನಿಂದಲೂ ನಿಜವಾದ ಹಣದಲ್ಲೇ ನಡೆಸಿದವು. ಸಹಕಾರಿ ಸಂಘವೂ ಒಂದು ಭಾನುವಾರ ಇದನ್ನು ಮಾಡಬಹುದು.

ಮರಳಿ ಕಾಸರಗೋಡಿಗೆ?

"ಹಾಗಾದ್ರೆ ಇನ್ನು ಮೊದಲಿನ ಹಾಗೆ ಇಲ್ಲಿಂದಲೇ ನಡೆಸುವುದಲ್ವಾ ಭಟ್ರೇ?" ಎಂದು ಕಾರ್ಯದರ್ಶಿಯವರು ಕೇಳುತ್ತಾರೆ. "ನಡೆಸಬಹುದು, ಆದ್ರೆ ಅವಸರ ಎಂತ?" ಎಂಬುದೇ ಸರಿಯಾದ ಉತ್ತರ. ಯಜಮಾನಿಕೆ ಮರಳಿಸುವುದಕ್ಕೆ ಫೇಲ್‌ಬ್ಯಾಕ್ ಎನ್ನುತ್ತಾರೆ. ಅದು ತುರ್ತಿನ ಕೆಲಸ ಅಲ್ಲವಾದ್ದರಿಂದ ಒಂದು ನಮೂದೂ ಕಳೆಯದ ಹಾಗೆ ಮಾಡಲು ಬರುತ್ತದೆ. ಮಂಗಳೂರಿನಲ್ಲಿ ಹೊಸ ಬರಹ ನಿಲ್ಲಿಸಿ, ಅಂತರ ಸೊನ್ನೆಗೆ ಬಂದದ್ದನ್ನು ನೋಡಿ, ಮಂಗಳೂರನ್ನು ಮೊದಲು ಕೆಳಗಿಳಿಸಿ, ಆಮೇಲೆ ಕಾಸರಗೋಡನ್ನು ಮೇಲೇರಿಸಬೇಕು. ಇಬ್ಬರು ಯಜಮಾನರು ಇರುವುದಕ್ಕಿಂತ ಐದು ನಿಮಿಷ ಯಜಮಾನನೇ ಇಲ್ಲದಿರುವುದು ಲೇಸು. ಮಾರ್ಚ್ ಕೊನೆಯ ಲೆಕ್ಕ ಮುಕ್ತಾಯದ ವಾರದಲ್ಲೂ, ಮಿಂಚು ಸಿಡಿಲಿನ ತುಲಾ ಮಳೆಯ ಸಂಜೆಗಳಲ್ಲೂ ಇದು ಬೇಡ.

ಮರಳದೆಯೂ ಇರಬಹುದು. ಮಂಗಳೂರೇ ಮುಖ್ಯ, ಕಾಸರಗೋಡೇ ಡಿಆರ್ ಎಂದು ಅದಲುಬದಲಾಗಿ ನಡೆದರೆ ಏನೂ ಕೊರತೆಯಿಲ್ಲ, ಎರಡೂ ಕಡೆಯ ಯಂತ್ರಗಳಿಗೆ ಪೂರ್ತಿ ಹೊರೆ ಹೊರುವ ತಾಕತ್ತು ಇದ್ದರೆ ಸಾಕು. ಹೊಸ ಸರ್ವರನ್ನು ಮತ್ತೆ ಅದೇ ನೆಲಮಾಳಿಗೆಯಲ್ಲಿ ಇಟ್ಟಿದ್ದರೆ ಅದಕ್ಕೆ ಯಜಮಾನಿಕೆ ಕೊಡಲೇಬಾರದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಜಿಲ್ಲೆ ಇದು, ಸರ್ವರ್ ಕೋಣೆ ಮಹಡಿಯ ಮೇಲೆ ಇರಬೇಕು.

ಉಳಿದದ್ದು ಆ ಹಳೆಯ ಡಿಸ್ಕುಗಳು. ನೀರಿನಲ್ಲಿ ಮುಳುಗಿದ್ದು ಎಂದು ಗುಜರಿಯವರಿಗೆ ತೂಗಿ ಕೊಡುವಂತಿಲ್ಲ. ಅದರೊಳಗೆ ಸದಸ್ಯರ ಆಧಾರ್, ಸಾಲ, ಸಹಿ ಎಲ್ಲ ಇವೆ, ಒಣಗಿದ ಡಿಸ್ಕಿನಿಂದ ಅವನ್ನು ಓದಿ ತೆಗೆಯಲು ಬರುತ್ತದೆ, 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಆ ಮಾಹಿತಿ ಕಾಯುವ ಹೊಣೆಯನ್ನು ಸಂಘದ ಮೇಲೆ ಹೊರಿಸುತ್ತದೆ. ಆ 40 ಸೆಕೆಂಡಿನ ನಮೂದುಗಳ ತಾಳೆ ಮುಗಿದು, ಆ ವರ್ಷದ ಆಡಿಟ್ ಆಗುವವರೆಗೆ ಅವನ್ನು ಮುಚ್ಚಿದ ಲಕೋಟೆಯಲ್ಲಿ, ಸರಣಿ ಸಂಖ್ಯೆ ಬರೆದು, ಸಂಘದ ಲಾಕರಿನಲ್ಲಿ ಇಡಬೇಕು. ಆಮೇಲೆ ಇಬ್ಬರು ನಿರ್ದೇಶಕರ ಎದುರು ಡ್ರಿಲ್ ಹಾಕಿ ತೂತು ಕೊರೆದು, ಸರಣಿ ಸಂಖ್ಯೆಗಳ ಸಮೇತ ಠರಾವು ಪುಸ್ತಕದಲ್ಲಿ ಬರೆಯಬೇಕು.